ಕೂಸುಮರಿ ಕೂತ ಚಿಪ್

೧೯೯೪ ಏಪ್ರಿಲ್ ೧೬, ಬೆಳಿಗ್ಗೆ ೧೦.೨೦. ಕಮಲಾಪುರದಲ್ಲಿ ಅಕ್ಕ ನಡೆಸುತ್ತಿದ್ದ ವಿಡಿಯೋ ಗೇಮ್ ಅಂಗಡಿಯ ಒಂದೇ ಒಂದು ಯಂತ್ರ ಕೆಟ್ಟಿತ್ತು. ತೆರೆಯ ಮೇಲೆ ವಿಮಾನದ ಮೂತಿ ಒಂದು ಕಡೆ, ಬಾಲ ಇನ್ನೊಂದು ಕಡೆ ಹಾರುತ್ತಿದ್ದವು. ಯಂತ್ರದ ಬೋರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ನಾವಿಬ್ಬರೂ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿದ್ದ ರೇಡಿಯೋ ರಿಪೇರಿಯವರ ಬಳಿಗೆ ಬಂದೆವು.

“ಇದು ಆಗಲಿಲ್ಲಂದ್ರ ಅಂಗಡಿ ಮುಚ್ಚೋದೇರಿ,” ಎಂದಳು ಅಕ್ಕ.

“ಗಾಬರಿ ಯಾಕ ತಂಗಿ? ಕಳ್ಳ ಇದರಾಗೇ ಕುಂತಾನ.”

ಅವರು ಕನ್ನಡಕವನ್ನು ಹಣೆಗೇರಿಸಿ, ಬೋರ್ಡನ್ನು ಟಿವಿಗೆ ಜೋಡಿಸಿದರು. ಅದೇ ಜಾತಿಯ ಒಳ್ಳೆಯ ಚಿಪ್ ಒಂದನ್ನು ಹಿಡಿದು, ಬೋರ್ಡಿನ ಚಿಪ್‌ಗಳ ಬೆನ್ನ ಮೇಲೆ ಒಂದೊಂದಾಗಿ ಒತ್ತಿ ನೋಡಿದರು; ಕೆಟ್ಟದ್ದರ ಮೇಲೆ ಕೂತಾಗ ಅದರ ಕೆಲಸವನ್ನು ಇದು ಮಾಡುತ್ತದಂತೆ. ಪ್ರತಿ ಸಲವೂ, “ಇಂವ ಅಲ್ಲ, ಬಾಜೂದಾಂವ!” ನಾನು ಎಣಿಸುತ್ತಿದ್ದೆ. ಹನ್ನೊಂದನೆಯದಕ್ಕೆ ಬಾಲ ಓಡಿಬಂದು ವಿಮಾನಕ್ಕೆ ಅಂಟಿತು!

“ಸಿಕ್ಕಾ ಮಗ!” ಎಂದು ಅವರು ಕುಣಿದರು. ಅಕ್ಕ ಕಿರುಚಿದ್ದಕ್ಕೆ ಪಕ್ಕದ ಬಟ್ಟೆ ಅಂಗಡಿಯವರೂ ಓಡಿಬಂದರು.

ಅವರು ಚಿಪ್ಪಿನ ಮೇಲೇ ಚಿಪ್ ಬೆಸೆದುಬಿಟ್ಟರು. “ಸದ್ಯಕ್ಕ ಕೂಸುಮರಿ ಕೂಡಿಸೀನಿ. ಎಂಟು ದಿನಕ್ಕ ಬರ್ರಿ, ಕೆಳಗಿನಾಂವನ್ನ ತೆಗೆದು ಪಕ್ಕಾ ಮಾಡ್ತೇನಿ.”

ಯಂತ್ರ ಆರು ವರ್ಷ ಒಂದು ದಿನವೂ ನಿಲ್ಲಲಿಲ್ಲ, ನಾವೂ ಹೋಗಲಿಲ್ಲ. ಕೊನೆಗೆ ಈ ಸುದ್ದಿ ಹೇಳಲೆಂದೇ ಹೋದಾಗ ಅವರ ಜಾಗದಲ್ಲಿ ಚಪ್ಪಲಿ ಅಂಗಡಿ ಇತ್ತು. ಅವರು ಈಗೆಲ್ಲಿದ್ದಾರೆಂದು ಬಲ್ಲವರು ದಯವಿಟ್ಟು ಬರೆಯಿರಿ. ಪಕ್ಕಾ ಮಾಡುವ ಅಗತ್ಯವೇ ಬೀಳಲಿಲ್ಲವೆಂದು ಅವರಿಗೆ ಹೇಳಬೇಕು.