ಸೊನ್ನೆ ಟಿಕೆಟ್ಟಿನ ಸಂಸಾರ

ಹಾಸನದ ನಮ್ಮ ಮನೆಯ ಮುಂದೆ ಒಂದು ಬೀದಿದೀಪವಿದೆ. ಅದರ ಬೆಳಕು ಜಗುಲಿಯ ಅರ್ಧದವರೆಗೆ ಬೀಳುತ್ತದೆ. ಸಂಜೆಯಾದರೆ ನಾನು ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು ಆ ಅರ್ಧ ಜಗುಲಿಯಲ್ಲೇ. ನೆಂಟರು ಬಂದರೆ ಅವರಿಗೂ ಅಲ್ಲೇ ಚಾಪೆ. ಒಳಗಿನ ಸ್ವಿಚ್ಚಿನ ಕಡೆಗೆ ನನ್ನ ಕೈ ಹೋದರೆ ಸಾಕು, ನಮ್ಮ ಯಜಮಾನರಿಗೆ ಎಲ್ಲಿಲ್ಲದ ಕೆಮ್ಮು ಬರುತ್ತದೆ.

ಇವರು ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಪಿಂಚಣಿ ಬರುತ್ತದೆ, ಸ್ವಂತ ಮನೆಯಿದೆ, ಸಾಲವಿಲ್ಲ, ಮಗಳ ಮದುವೆಯಾಗಿದೆ. ಇಷ್ಟಿದ್ದೂ ಕುಕ್ಕರ್ ಎರಡನೇ ಸಲ ಕೂಗುವ ಹೊತ್ತಿಗೆ ಎಲ್ಲಿದ್ದರೂ ಓಡಿ ಬಂದು ಗ್ಯಾಸ್ ಆರಿಸುತ್ತಾರೆ. "ಉಳಿದಿದ್ದು ಅದ್ರ ಬಿಸೀಲೇ ಬೇಯ್ತದೆ ಕಣೇ" ಎನ್ನುತ್ತಾರೆ. ಬೇಯುವುದಿಲ್ಲ. ಮದುವೆಯಾದಾಗಿನಿಂದ ನಾವು ತಿನ್ನುತ್ತಿರುವುದು ಅರೆಬೆಂದ ಬೇಳೆ. ನಮ್ಮ ಬೀದಿಯವರಿಗೆಲ್ಲ ಇವರ ಉಳಿತಾಯದ ಬಗ್ಗೆ ಬಹಳ ಗೌರವ. ಪಾಪ, ಅವರು ಯಾರೂ ನಮ್ಮನೆಯ ಅರೆಬಿಸಿ ನೀರಿನಲ್ಲಿ ಒಂದು ದಿನವೂ ಸ್ನಾನ ಮಾಡಿದವರಲ್ಲ.

ನಾನು ಈ ಮನುಷ್ಯರಲ್ಲಿ ಒಡವೆ ಕೇಳಲಿಲ್ಲ, ರೇಷ್ಮೆ ಸೀರೆ ಕೇಳಲಿಲ್ಲ. ಕೇಳಿದ್ದು ಒಂದೇ. ನನ್ನ ತವರು ಅರಕಲಗೂಡಿನ ಆಚೆ. ಚಿಕ್ಕವಳಿದ್ದಾಗ ಅಜ್ಜಿ ನನ್ನನ್ನು ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಸಂಗೀತದ ಶಾಸ್ತ್ರ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ. ಆದರೂ ಅಲ್ಲಿ ಕೂತರೆ ಎದೆ ಹಗುರವಾಗುತ್ತಿತ್ತು. ಹಾಸನಕ್ಕೆ ಸೊಸೆಯಾಗಿ ಬಂದ ಮೇಲೆ ಒಂದು ಸಲವಾದರೂ ಹೋಗಿ ಕೂತು ಬರಬೇಕೆಂದು ಪ್ರತಿವರ್ಷ ಕೇಳುತ್ತಿದ್ದೆ. ಪ್ರತಿವರ್ಷ ಒಂದೇ ಉತ್ತರ: "ಬಸ್ ಚಾರ್ಜ್ ಯಾರು ನಿಮ್ಮಪ್ಪ ಕೊಟ್ಟಾನಾ? ರೇಡಿಯೋ ಹಾಕ್ಕೊ." ಆಮೇಲೆ ರೇಡಿಯೋ ಹೋಯಿತು. "ಮೊಬೈಲಲ್ಲೇ ಬತ್ತದಲ್ಲ" ಎಂದರು. ಮೊಬೈಲು ಅವರ ಜೇಬಿನಲ್ಲಿರುತ್ತಿತ್ತು.

ಹೀಗಿರುವಾಗ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಸುದ್ದಿ ಓದಿದ ದಿನ ಇವರು ಪೇಪರಿನ ಮೇಲಿನಿಂದ ನನ್ನನ್ನು ಒಂದು ಥರ ನೋಡಿದರು. ಮದುವೆಯಾದ ಹೊಸದರಲ್ಲಿ ಹಾಗೆ ನೋಡಿದ್ದು ಬಿಟ್ಟರೆ ಮತ್ತೆ ನೋಡಿರಲಿಲ್ಲ. ಇನ್ನೇನು ರುದ್ರಪಟ್ಟಣ ಎನ್ನುತ್ತಾರೆ ಎಂದು ನಾನು ಕಾದೆ.

"ನಾಳೆ ಚನ್ರಾಯಪಟ್ಣಕ್ಕೆ ಓಗ್ಬಾ," ಎಂದರು. "ಕಾಯಿ ಅಲ್ಲಿ ಅಗ್ಗ."

ಅಲ್ಲಿಂದ ಶುರುವಾಯಿತು ನನ್ನ ಜಿಲ್ಲಾ ಪ್ರವಾಸ. ತೆಂಗಿನಕಾಯಿಗೆ ಚನ್ನರಾಯಪಟ್ಟಣ, ಅಕ್ಕಿಗೆ ಹೊಳೆನರಸೀಪುರ, ಆಲೂಗಡ್ಡೆಗೆ ಅರಕಲಗೂಡು. ಮನೆಯಿಂದ ಕೂಗಳತೆಯಲ್ಲಿ ಅಂಗಡಿ ಇದೆ. ಅದರ ಯಜಮಾನ ನನ್ನನ್ನು ಕಂಡರೆ ಈಗ ಮುಖ ತಿರುಗಿಸುತ್ತಾನೆ. ನಾನೊಬ್ಬಳೇ ಈ ಪಾಡು ಪಡುತ್ತಿದ್ದೇನೆ ಎಂದುಕೊಂಡಿದ್ದೆ. ಒಂದು ದಿನ ಹೊಳೆನರಸೀಪುರದ ಬಸ್ಸಿನಲ್ಲಿ ನಮ್ಮ ಬಡಾವಣೆಯ ಹೆಂಗಸೊಬ್ಬಳು ಎರಡು ಖಾಲಿ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನನ್ನ ಚೀಲ ನೋಡಿ ನಕ್ಕಳು. "ನಿಮ್ಮನೇರೂ ಕಳ್ಸುದ್ರಾ ಅಕ್ಕಾ?" ಎಂದಳು. ಅವಳ ಹಿಂದಿನ ಸೀಟಿನಲ್ಲಿ ಇನ್ನೊಬ್ಬಳು ಚೀಲ ಎತ್ತಿ ತೋರಿಸಿದಳು. ಹೆಂಡತಿಯರ ಸೊಂಟಕ್ಕೆ ಚಾರ್ಜಿಲ್ಲ ಎಂಬುದನ್ನು ನಮ್ಮ ಬೀದಿಯ ಗಂಡಸರೆಲ್ಲ ಒಟ್ಟಿಗೇ ಕಂಡುಹಿಡಿದುಬಿಟ್ಟಿದ್ದರು.

ಒಮ್ಮೆ ಚನ್ನರಾಯಪಟ್ಟಣದಲ್ಲಿ ಕಾಯಿ ಇನ್ನೂ ಅಗ್ಗವಾಗಿ ಸಿಕ್ಕಿತು. ಅಂಗಡಿಯವನ ಫೋನಿನಿಂದ ಕೇಳಿದರೆ ಇವರು "ಮೂಟೇನೇ ತಗಂಬುಡು" ಎಂದರು. ಯಾರೋ ಪುಣ್ಯಾತ್ಮ ಮೂಟೆಯನ್ನು ಬಸ್ಸಿನೊಳಗೆ ಎತ್ತಿಟ್ಟ. ಕಂಡಕ್ಟರ್ ಬಂದು ನನ್ನ ಆಧಾರ್ ಕಾರ್ಡು ನೋಡಿ ಸೊನ್ನೆ ಟಿಕೆಟ್ ಹರಿದುಕೊಟ್ಟ. ಆಮೇಲೆ ಕಾಲಲ್ಲಿ ಮೂಟೆ ತಟ್ಟಿದ.

"ಅಮ್ಮಾ, ನಿಮಗೆ ಫ್ರೀ. ಇದಕ್ಕೆ ಟಿಕೆಟ್ ಆಯ್ತದೆ."

ಬಸ್ಸೆಲ್ಲ ನಕ್ಕಿತು. ನಾನು ಸೀರೆ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟೆ. ದಾರಿಯುದ್ದಕ್ಕೂ ಎರಡೂ ಟಿಕೆಟ್ ಕೈಯಲ್ಲಿ ಹಿಡಿದುಕೊಂಡಿದ್ದೆ. ತೆಂಗಿನಕಾಯಿಗೊಂದು ಬೆಲೆಯಿತ್ತು, ನನಗೆ ಇರಲಿಲ್ಲ. ನನಗೆ ನಿಜವಾಗಿಯೂ ಅವಮಾನವಾಯಿತು, ಅಳು ಬಂತು.

ಮನೆಗೆ ಬಂದು ಹೇಳಿದರೆ ಇವರು ತಲೆ ಚಚ್ಚಿಕೊಂಡರು. ನನ್ನ ಅಳುವಿಗಲ್ಲ. "ದಡ್ಡಿ, ಮೂಟೆ ಅಂದ್ರೆ ಮೂಟೇಲೇ ತರೋದಾ? ಎರಡು ಚೀಲದಲ್ಲಿ ನಾಕು ಸಲ ತಂದಿದ್ರೆ ಆಯ್ತಿತ್ತಲ್ಲ. ನಿಂಗೇನು ಚಾರ್ಜಾ?" ಎಂದರು. ಅಂದಿನಿಂದ ಮೂಟೆ ಹೋಗಿ ಚೀಲ ಬಂತು. ಓಡಾಟ ಮಾತ್ರ ಹೆಚ್ಚಾಯಿತು.

ಆ ಸಲ ಉತ್ಸವದ ಸುದ್ದಿ ಪೇಪರಿನಲ್ಲಿ ಬಂದಾಗ ನಾನು ಕೇಳಲಿಲ್ಲ, ಹೇಳಿದೆ. "ನಾನು ರುದ್ರಪಟ್ಟಣಕ್ಕೆ ಹೋಯ್ತೀನಿ ಕಣ್ರೀ."

ಚಾರ್ಜಿನ ಮಾತು ಎತ್ತುವಂತಿರಲಿಲ್ಲ. ಪೇಪರು ಮಡಿಸಿಟ್ಟರು. "ಓಗು. ಮಧ್ಯಾಹ್ನದೊಳಗೆ ಎದ್ದು ಬಂದು ಅರಕಲಗೂಡಲ್ಲಿ ಇಳಿ. ಆಲೂಗಡ್ಡೆ ಒಂದು ಚೀಲ ತಗಂಬಾ," ಎಂದರು.

ಸಂಗೀತ ಕಛೇರಿ ಕಳೆಗಟ್ಟುವುದೇ ಮಧ್ಯಾಹ್ನದ ಮೇಲೆ ಎಂದು ಹೇಳಿ ಪ್ರಯೋಜನವಿರಲಿಲ್ಲ. ಚೀಲ ತೆಗೆದುಕೊಂಡು ಹೊರಟೆ. ರುದ್ರಪಟ್ಟಣದ ಚಪ್ಪರದಲ್ಲಿ ಆ ಚೀಲವನ್ನೇ ಮಡಿಸಿ ಹಾಕಿಕೊಂಡು ಅದರ ಮೇಲೆ ಕೂತೆ. ಮಧ್ಯಾಹ್ನವಾಯಿತು, ಊಟಕ್ಕೆ ಕರೆದರು, ಉಂಡೆ, ಮತ್ತೆ ಬಂದು ಅದೇ ಚೀಲದ ಮೇಲೆ ಕೂತೆ. ಪಿಟೀಲು ಶುರುವಾಯಿತು. ಅರಕಲಗೂಡಿನ ಆಲೂಗಡ್ಡೆ ಮಣ್ಣುಪಾಲಾಗಲಿ ಎಂದುಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಜಗಳಕ್ಕೆ ಬೇಕಾದ ಮಾತನ್ನೆಲ್ಲ ಹೊಂದಿಸಿಕೊಂಡೆ. ಮೂವತ್ತು ವರ್ಷದ್ದು ಇತ್ತಲ್ಲ, ಕೊರತೆಯೇನಿರಲಿಲ್ಲ. ಖಾಲಿ ಚೀಲ ಜಗುಲಿಯ ಮೇಲೆ ಎಸೆದೆ. ಬೀದಿದೀಪದ ಕೆಳಗೆ ಕೂತಿದ್ದ ಇವರು ಚೀಲ ನೋಡಿದರು, ನನ್ನನ್ನು ನೋಡಿದರು.

"ಊಟ?"

"ಅಲ್ಲೇ ಹಾಕುದ್ರು."

ಮುಖ ಅರಳಿಬಿಟ್ಟಿತು. "ಅಂಗಾರೆ ಒಂದೊತ್ತಿನ ಗ್ಯಾಸು ಉಳೀತು! ಇನ್ನೆಷ್ಟು ದಿನ ಐತೆ ಉತ್ಸವ?"

ಹೊಂದಿಸಿಕೊಂಡ ಮಾತೆಲ್ಲ ದಂಡವಾಯಿತು. ನಾನು ಮಾಡಿದ ದಂಗೆಯನ್ನೂ ಈ ಮಹಾನುಭಾವರು ಉಳಿತಾಯಕ್ಕೆ ಸೇರಿಸಿಕೊಂಡುಬಿಟ್ಟರು. ಯಾರು ಹಾಡಿದರು, ಹೇಗಿತ್ತು, ಒಂದು ಮಾತು ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಮರುದಿನ ಮತ್ತೆ ಹೋದೆ. ಊಟಕ್ಕೆ ಕರೆದರೂ ಏಳಲಿಲ್ಲ. ಕಛೇರಿ ಮುಗಿದ ಮೇಲೆ ಅರಕಲಗೂಡಿನಲ್ಲಿ ಇಳಿದು, ಆಲೂಗಡ್ಡೆ ಮಂಡಿಯ ಕಡೆ ತಲೆಯನ್ನೂ ಹಾಕದೆ, ನೇರ ಹೋಟೆಲಿಗೆ ಹೋದೆ. ಒಬ್ಬಳೇ ಹೋಟೆಲಿನಲ್ಲಿ ಕೂತಿದ್ದು ಅದೇ ಮೊದಲು. ಮಸಾಲೆ ದೋಸೆ ತಿಂದೆ, ಇನ್ನೊಂದು ಮಸಾಲೆ ದೋಸೆ ತಿಂದೆ, ಕಾಫಿ ಕುಡಿದೆ. ಎರಡನೆಯದು ಹೊಟ್ಟೆಗೆ ಬೇಕಿರಲಿಲ್ಲ, ಸಿಟ್ಟಿಗೆ ಬೇಕಿತ್ತು.

"ಊಟ?" ಎಂದು ಕೇಳಿದರು ಇವರು, ನಗುನಗುತ್ತಲೇ.

"ಹೋಟ್ಲಲ್ಲಿ. ಎರಡು ಮಸಾಲೆ ದೋಸೆ."

"ಎ... ಎಷ್ಟಾಯ್ತು?"

"ನೋಡ್ಲಿಲ್ಲ."

ದೋಸೆಗಿಂತ ಆ 'ನೋಡ್ಲಿಲ್ಲ' ಅವರಿಗೆ ಹೆಚ್ಚು ತಾಗಿತು. ಜಗುಲಿಯಿಂದ ಎದ್ದು ಒಳಗೆ ಹೋಗಿ, ತಾವೇ ಟ್ಯೂಬ್‌ಲೈಟ್ ಹಾಕಿಕೊಂಡು ಸುಮ್ಮನೆ ಕೂತರು. ಅಷ್ಟು ಗಾಬರಿಯಾಗಿತ್ತು.

ಬೆಳಿಗ್ಗೆ ನೋಡಿದರೆ ಬಿಳಿ ಪಂಚೆ ಉಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. "ನಾನೂ ಬತ್ತೀನಿ."

ನನ್ನನ್ನು ಹೋಟೆಲಿನಿಂದ ಕಾಯುವುದಕ್ಕೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಬಸ್ಸಿನಲ್ಲಿ ನನಗೆ ಸೊನ್ನೆ ಟಿಕೆಟ್ ಬಂತು. ಇವರು ದುಡ್ಡು ಕೊಟ್ಟು, ಚಿಲ್ಲರೆಯನ್ನು ಎರಡು ಸಲ ಎಣಿಸಿ, ತಮ್ಮ ಟಿಕೆಟ್ಟನ್ನು ರುದ್ರಪಟ್ಟಣದವರೆಗೂ ಹಿಡಿದುಕೊಂಡೇ ಬಂದರು.

ಚಪ್ಪರದಲ್ಲಿ ಪಕ್ಕದಲ್ಲೇ ಕೂತರು. ಮೊದಲ ಕಛೇರಿಗೆ ಆಕಳಿಸಿದರು. ಎರಡನೆಯದಕ್ಕೆ ನಿದ್ದೆ ಮಾಡಿದರು. ಸಂಜೆಯ ಹೊತ್ತಿಗೆ ಒಬ್ಬ ಹೆಣ್ಣುಮಗಳು ಹಾಡಿದ್ದು ನಮ್ಮಜ್ಜಿ ಮೊಸರು ಕಡೆಯುತ್ತ ಗುನುಗುತ್ತಿದ್ದ ರಾಗ. ಹೆಸರು ನನಗೆ ಗೊತ್ತಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಇವರು ನಿದ್ದೆಯಿಂದ ಎಚ್ಚೆತ್ತು ನನ್ನ ಮುಖ ನೋಡಿದರು. ಗಡಿಯಾರ ನೋಡಿದರು. ಇನ್ನು ಎದ್ದೇಳು ಎನ್ನುತ್ತಾರೆ ಎಂದು ನಾನು ಹಲ್ಲು ಕಚ್ಚಿಕೊಂಡೆ.

"ಕೊನೇ ಬಸ್ಸಿಗೆ ಇನ್ನೂ ಹೊತ್ತೈತೆ, ಕೂತ್ಕೋ," ಎಂದರು. "ಟಿಕೆಟ್ ಕೊಟ್ಟಿವ್ನಿ, ಮುಗಿಯೋಗಂಟ ಕೇಳಾನ."

ಇವರು ಬದಲಾದರು ಎಂದು ಯಾರೂ ತಿಳಿಯಬೇಡಿ. ನಮ್ಮನೆಯ ಕುಕ್ಕರ್ ಇಂದಿಗೂ ಎರಡನೇ ಕೂಗಿಗೇ ಬಾಯಿ ಮುಚ್ಚುತ್ತದೆ. ಆದರೆ ನನ್ನನ್ನು ಕಾಯಿಗೆ, ಆಲೂಗಡ್ಡೆಗೆ ಕಳಿಸುವುದು ನಿಂತಿದೆ. ಹೋದಲ್ಲೆಲ್ಲ ಹೋಟೆಲುಗಳಿವೆಯಲ್ಲ. ಉತ್ಸವಕ್ಕೆ ಮಾತ್ರ ಪ್ರತಿವರ್ಷ ಪಂಚೆ ಉಟ್ಟು ನನ್ನ ಕಾವಲಿಗೆ ಬರುತ್ತಾರೆ, ಪ್ರತಿದಿನವೂ ಟಿಕೆಟ್ ತೆಗೆಯುತ್ತಾರೆ.

ಅವರು ಹೋಗಿ ಬರುವ ಚಾರ್ಜಿನಲ್ಲಿ ಎರಡು ಮಸಾಲೆ ದೋಸೆ ಆರಾಮಾಗಿ ಬರುತ್ತದೆ. ಜೀವಮಾನವಿಡೀ ಲೆಕ್ಕ ಹಾಕಿದವರಿಗೆ ಇದೊಂದು ಯಾಕೋ ಹೊಳೆದಿಲ್ಲ. ನಾನೂ ಹೇಳಿಲ್ಲ. ಹೇಳಿದರೆ ಮನೆಯಲ್ಲೇ ಕೂತುಬಿಡುತ್ತಾರೆ.