ಚಾದರದ ಕೆಳಗಿನ ಧ್ರುಪದ

ನಿನ್ನೆ ನಮ್ಮ ಓಣಿಯಲ್ಲಿ ಒಂದು ಕಾರು ಹಿಂದಕ್ಕೆ ಸರಿಯುತ್ತ ಟೊಂಯ್ ಟೊಂಯ್ ಅಂದಿತು. ಅದು ಯಾವ ಸ್ವರ ಅಂತ ನಾನು ಹುಡುಕುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹರಿದಿತ್ತು. ನಲವತ್ತು ವರ್ಷ ಹಾರ್ಮೋನಿಯಂ ಕಲಿಸಿದವಳ ಚಟ ಇದು. ಇನ್ನೊಂದು ಚಟವಿದೆ, ಹೇಳಿಕೊಳ್ಳುವಂಥದ್ದಲ್ಲ: ಸಂಶಯ. ತೊಗರಿಬೇಳೆಯಿಂದ ಹಿಡಿದು ಗವಾಯಿಗಳ ತಾನದವರೆಗೆ ನಾನು ಯಾವುದನ್ನೂ ಸುಮ್ಮನೆ ನಂಬಿದವಳಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ರಾಯಚೂರಿನಲ್ಲಿ ಮಕ್ಬೂಲ್ ಅಂತ ಒಬ್ಬ ರೇಡಿಯೋ ರಿಪೇರಿಯವನಿದ್ದ. ಯಾರೋ ಗಲ್ಫಿನಿಂದ ತಂದ ವಿಡಿಯೋ ಗೇಮ್ ಡಬ್ಬಿ ಅವನ ಅಂಗಡಿಗೆ ಕೆಟ್ಟು ಬಂದಿತ್ತು. ಟಿವಿಗೆ ಜೋಡಿಸಿ, ಎರಡು ಗುಂಡಿ ತಿರುಗಿಸುತ್ತ ಇಬ್ಬರು ಚೆಂಡಾಡುವಂಥದ್ದು. ತಂದವರು ಮತ್ತೆ ಬರಲಿಲ್ಲ. ಮಕ್ಬೂಲ್ ಅದನ್ನು ಬಿಚ್ಚಿ, ತಂತಿ ಬದಲಿಸಿ, ಅದರಿಂದ ಸಂಗೀತ ಹೊರಡಿಸುತ್ತಾನೆ ಅಂತ ಸುದ್ದಿಯಾಯಿತು. ಸಂಗೀತವೆಂದರೆ ಸಿನಿಮಾದ್ದಲ್ಲ, ಖಯಾಲ್ ಗಾಯನಕ್ಕಿಂತ ಹಳೆಯದಾದ ಧ್ರುಪದ! ಜೊತೆಗಾರ ಹಣಮಂತ, ಹತ್ತಿ ಗಿರಣಿಯಲ್ಲಿ ಕೂಲಿ ಮಾಡಿದವ. ಗಿರಣಿಯವನಿಗೆ ಧ್ರುಪದ ಎಲ್ಲಿಂದ ಬಂತು ಅಂತ ನನಗೆ ಆಗಲೇ ಅನುಮಾನ. ಆ ಅನುಮಾನದಲ್ಲಿ ಎಷ್ಟು ಕೊಳೆಯಿತ್ತೆಂದು ಈಗ ಗೊತ್ತಾಗುತ್ತದೆ.

ಅವರನ್ನು ಮೊದಲು ಕೇಳಿದ್ದು ದೇವದುರ್ಗದ ಒಂದು ಶಾಲೆಯಲ್ಲಿ. ಡಬ್ಬಿಯ ಮೇಲೆ ಚಾದರ. ಮಕ್ಬೂಲನ ಬಲಗೈ, ಹಣಮಂತನ ಎಡಗೈ ಅದರ ಕೆಳಗೆ. ಹಣಮಂತನ ಬಲಗೈ ಮಾತ್ರ ಹೊರಗೆ ತಂಬೂರಿ ಮೀಟುತ್ತಿತ್ತು. ಜೇನುಹುಳು ಕೊಳಲೂದಿದಂಥ ದನಿಯೊಂದು ಎದ್ದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರತೊಡಗಿತು. ನನ್ನ ಹಾರ್ಮೋನಿಯಂ ಮೆಟ್ಟಿಲು ಹತ್ತಿ ಇಳಿಯುತ್ತದೆ. ಹೀಗೆ ಜಾರುವುದು ಅದರ ಹಣೆಯಲ್ಲಿ ಬರೆದಿಲ್ಲ.

ಮುಗಿದ ಮೇಲೆ ಹೋಗಿ ಕೇಳಿದೆ. "ಚಾದರ ಯಾಕ್ರೀ?"

ಹಣಮಂತ ನೆಲ ನೋಡಿದ. ಮಕ್ಬೂಲ್ ಹೇಳಿದ, "ಧೂಳು ಬೀಳ್ತದ ಅಕ್ಕೋರ. ನಾಜೂಕು ಸಾಮಾನು."

ಕೆಳಗೆ ಟೇಪ್ ರೆಕಾರ್ಡರ್ ಇಟ್ಟಿದ್ದಾರೆ ಅಂತ ನಾನು ತೀರ್ಮಾನಿಸಿಬಿಟ್ಟೆ.

ಮುಂದಿನ ತಿಂಗಳು ಮಾನ್ವಿಯಲ್ಲಿ ಅವರ ಕಾರ್ಯಕ್ರಮ. ಬಸ್ಸು ಹತ್ತಿ ಹೋಗಿ ಮುಂದಿನ ಸಾಲಿನಲ್ಲೇ ಕೂತೆ. ಆಲಾಪ ಅರ್ಧಕ್ಕೆ ಬಂದಾಗ ಎದ್ದು ಹೋಗಿ, ಎಲ್ಲರೆದುರು ಚಾದರ ಎಳೆದೆ.

ಟೇಪ್ ಇರಲಿಲ್ಲ. ಬಿಚ್ಚಿದ ಡಬ್ಬಿ, ತಂತಿಗಳು, ಎರಡು ಗುಂಡಿ. ಒಂದರ ಮೇಲೆ ಮಕ್ಬೂಲನ ಕೈ. ಇನ್ನೊಂದನ್ನು ಹಣಮಂತನ ಹೆಬ್ಬೆರಳು, ಕಿರುಬೆರಳು ಹಿಡಿದಿದ್ದವು. ನಡುವಿನ ಮೂರು ಬೆರಳು ಇರಲೇ ಇಲ್ಲ.

ದನಿ ನಿಂತಿತು. ಯಾರೋ "ಅಯ್ಯೋ ಪಾಪ" ಅಂದರು. ಮಕ್ಬೂಲ್ ಎದ್ದು ನಿಂತ. "ಮಷಿನ್ ನೋಡೂದಿತ್ತಂದ್ರ ಅಂಗಡಿಗೆ ಬರಬೇಕಿತ್ತು ಅಕ್ಕೋರ. ನಾನ ಬಿಚ್ಚಿ ತೋರಸ್ತಿದ್ದೆ."

ಹಣಮಂತ ಅವನ ಅಂಗಿ ಹಿಡಿದೆಳೆದ. "ಕುಂದರಲೇ." ನನ್ನತ್ತ ತಿರುಗಿ, "ನೀವೂ ಕುಂದರ್ರಿ ಅಕ್ಕೋರ. ರಾಗ ಇನ್ನಾ ಅರ್ಧ ಅದ," ಅಂದ.

ಚಾದರವನ್ನು ಮಡಿಲಲ್ಲಿಟ್ಟುಕೊಂಡು ಕೂತು ಕೇಳಿದೆ. ಒಂದು ಗುಂಡಿ ಸ್ವರ ಹಿಡಿಯುತ್ತಿತ್ತು, ಇನ್ನೊಂದು ದನಿ ಏರಿಸಿ ಇಳಿಸಿ ಅದಕ್ಕೆ ಉಸಿರು ಕೊಡುತ್ತಿತ್ತು. ಯಾವುದು ಯಾರ ಕೈಯದೆಂದು ನನ್ನ ಸಂಶಯದ ಕಿವಿಗೂ ತಿಳಿಯಲಿಲ್ಲ.

ಆಮೇಲೆ ತಪ್ಪಾಯಿತು ಅಂದೆ. ಹಣಮಂತ ಹೇಳಿದ: ಗಿರಣಿಯ ಹಿಂದಿನ ಓಣಿಯ ಮುದುಕ ಉಸ್ತಾದರ ಹತ್ತಿರ ಹತ್ತು ವರ್ಷ ಬೀನ್, ಅಂದರೆ ರುದ್ರವೀಣೆ, ಕಲಿತಿದ್ದನಂತೆ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಷಿನ್ನಿಗೆ ಬೆರಳು ಹೋದವು. ಆ ಎಡಗೈಯಿಂದ ತಂತಿ ಒತ್ತಿ ಸ್ವರ ಹಿಡಿಯುವಂತಿರಲಿಲ್ಲ.

"ಗುಂಡಿ ಬಲಗೈಲೆ ತಿರುಗಿಸಬಹುದಿತ್ತಲ್ಲಾ?" ಅಂದೆ. ನೋಡಿ, ಆಗಲೂ ನನಗೆ ಪ್ರಶ್ನೆಯೇ!

"ಸ್ವರ ಗೊತ್ತಿರೂದು ಈ ಕೈಗೆರಿ," ಅಂದ. "ಇದನ್ನ ನೋಡಿದವರು ಅಯ್ಯೋ ಅಂತಾರ. ಅಯ್ಯೋ ಅಂದವರಿಗೆ ಮುಂದ ರಾಗ ಕೇಳಂಗಿಲ್ಲ. ಅದಕ್ಕ ಚಾದರ."

ಮುಂದೆ ಅವರು ಚಾದರ ಹೊದಿಸಲಿಲ್ಲ. ನಿಮ್ಮಿಂದ ಒಳ್ಳೆಯದೇ ಆಯಿತು ಅಂತ ಕೆಲವರು ನನ್ನನ್ನು ಸಮಾಧಾನ ಮಾಡಿದರು. ಆ ಮಾತನ್ನೂ ನಾನು ನಂಬಲಿಲ್ಲ. ನಾನು ಹೋದದ್ದು ಮೋಸ ಹಿಡಿಯಲಿಕ್ಕೋ, ನನ್ನ ಹಾರ್ಮೋನಿಯಂ ಪೆಟ್ಟಿಗೆಗೆ ಬಾರದ್ದು ಒಬ್ಬ ಕೂಲಿಯವನ ಎರಡು ಬೆರಳಿಗೆ ಬಂದದ್ದು ತಡೆಯಲಾರದೆಯೋ? ಈಗ ನನ್ನ ಅತಿ ದೊಡ್ಡ ಸಂಶಯ ಇದೇ.

ಇವತ್ತು ಬೆಳಿಗ್ಗೆ ನಮ್ಮ ಓಣಿಗೆ ಸೊಪ್ಪು ತರುವ ಹೆಂಗಸು ಪಾಠಕ್ಕೆ ಸೇರುತ್ತೇನೆಂದು ಬಂದಳು. ಸುಮ್ಮನೆ ಒಂದು ಪದ ಹಾಡಿದಳು. ಇಷ್ಟು ಚೆನ್ನಾಗಿ ಇವಳಿಗೆ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ನಾಲಿಗೆಯ ತುದಿಗೇ ಬಂದಿತ್ತು.

ನುಂಗಿಕೊಂಡೆ. "ಇನ್ನೊಮ್ಮೆ ಹಾಡವ್ವಾ," ಅಂದೆ.