ಗಾಡಿಯ ಹಣೆಗೆ ಹಚ್ಚಿದ ಭಂಡಾರ

ನಮ್ಮ ಹಳೆ ಕಾರಿನ ಬಾನೆಟ್ಟು ಮುಚ್ಚಿದರೆ ಕೂಡುತ್ತಿರಲಿಲ್ಲ. ಎತ್ತಿ ಧಪ್ಪನೆ ಬಿಟ್ಟರೆ ಕೂತ ಹಾಗೆ ಮಾಡುತ್ತಿತ್ತು, ಕೈ ತೆಗೆದೊಡನೆ ಎರಡು ಬೆರಳು ಮೇಲೇಳುತ್ತಿತ್ತು. ನಾನು ಐಗಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ಮಾತೆಲ್ಲ ಜಗಳದ ಮಾತಾಗಿಬಿಟ್ಟಿದೆ. ಆ ಬಾನೆಟ್ಟಿಗೂ ಬಾಯಿಗೆ ಬಂದಂತೆ ಬೈದಿದ್ದೇನೆ. ಬೈಸಿಕೊಂಡಾದರೂ ಕೂಡಬೇಕೋ ಬೇಡವೋ? ಊಹೂಂ, ಶುದ್ಧ ಹಠಮಾರಿ.

ಹೊಸ ಕೊಂಡಿ ಹಾಕಿಸಬಹುದಿತ್ತಲ್ಲ ಅನ್ನಬೇಡಿ. ಹೊಸದಕ್ಕೆ ಕೈ ಹಾಕುವ ತಾಕತ್ತಿದ್ದವನು ಇಂಥ ಕಾರನ್ನು ಯಾಕೆ ಇಟ್ಟುಕೊಳ್ಳುತ್ತಾನೆ? ನನ್ನ ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಮೀರಜಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕಾಯಿತು. ಮೊದಮೊದಲು ಬಸ್ಸಿಗೇ ಹೋದೆವು. ಹೋಗುವಾಗ ಹೇಗೋ ನಡೆಯುತ್ತಿತ್ತು. ಬರುವಾಗ ಅವಳಿಗೆ ನಿಲ್ಲುವ ತ್ರಾಣವೂ ಇರುತ್ತಿರಲಿಲ್ಲ. ಕಾಗವಾಡ ದಾಟುವುದರೊಳಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ. ಅದನ್ನು ನೋಡಲಾರದೆ ಈ ಕಾರು ತಂದೆ.

ಡಾಕ್ಟರು ನನಗೆ ಮುಚ್ಚುಮರೆಯಿಲ್ಲದೆ ಹೇಳಿದ್ದರು, "ಇದು ಗುಣಾ ಆಗೂ ಬ್ಯಾನಿ ಅಲ್ರಿ. ನಡಸ್ಕೊಂಡ ಹೋಗೂದು, ಅಷ್ಟ." ನಾನು ಆವತ್ತೇ ನಂಬಿದೆ. ಅವಳು ನಂಬಲಿಲ್ಲ. ಮೀರಜಿನ ದಾರಿಯಲ್ಲೇ ಮಂಗಸೂಳಿ ಬರುತ್ತದಲ್ಲ, ಅಲ್ಲಿಯ ಮಲ್ಲಯ್ಯ ಒಂದು ದಿನ ಈ ಬೇನೆಯನ್ನು ತೆಗೆದೇ ತೆಗೆಯುತ್ತಾನೆ ಅಂತ ಅವಳ ಲೆಕ್ಕ. ಕೆಲವು ದಿನ ಬೆಳಿಗ್ಗೆ, "ಇವತ್ತ ಬ್ಯಾಡ್ರಿ, ಸಾಕಾಗೇತಿ," ಅಂತ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ನಾನು ಕೂಗಾಡಿದರೆ ಏಳುತ್ತಿರಲಿಲ್ಲ. "ಮಂಗಸೂಳಿಗರ ಹೋಗಿ ಬರೂಣ ಏಳ," ಅಂದರೆ ಎದ್ದು ಸೀರೆ ಬದಲಿಸುತ್ತಿದ್ದಳು. ಆಸ್ಪತ್ರೆಯವರೆಗೆ ಅವಳನ್ನು ಒಯ್ಯುತ್ತಿದ್ದದ್ದು ಪೆಟ್ರೋಲಲ್ಲ, ಆ ನಂಬಿಕೆ. ಅದೊಂದು ಹೋದರೆ ಅವಳು ಕಾರು ಹತ್ತುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಪ್ರತಿ ಸಲವೂ ಗುಡಿಯ ಹತ್ತಿರ ಕಾರು ನಿಲ್ಲಿಸಬೇಕು. ಅವಳು ನಿಧಾನಕ್ಕೆ ಇಳಿದು ಹೋಗಿ ಭಂಡಾರ ತರಬೇಕು. ಮಲ್ಲಯ್ಯನ ಭಂಡಾರ ಅಂದರೆ ಅರಿಷಿಣ ಪುಡಿ. ನಮ್ಮ ಕಡೆ ಗಾಡಿಗೂ ಹಣೆ ಇರುತ್ತದೆ, ಬಾನೆಟ್ಟಿನ ಮುಂದಿನ ಅಂಚಿನ ನಟ್ಟನಡುವೆ. ಎಲ್ಲರೂ ಅಲ್ಲಿ ಒಂದು ಚಿಟಿಕೆ ಒಣ ಭಂಡಾರ ಹಚ್ಚಿ ಕೈ ಮುಗಿದು ಹೊರಡುತ್ತಾರೆ. ಎರಡು ಫರ್ಲಾಂಗು ಹೋಗುವುದರೊಳಗೆ ಅದು ಗಾಳಿಗೆ ಹಾರಿಹೋಗುತ್ತದೆ. ಇವಳಿಗೆ ಆ ಹಾರಿಹೋಗುವುದೇ ಸಂಕಟ. ಮನೆಯಿಂದ ಸಣ್ಣ ಬಾಟಲಿಯಲ್ಲಿ ಶೇಂಗಾ ಎಣ್ಣೆ ತಂದು, ಭಂಡಾರ ಕಲಸಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಬಳಿಯುತ್ತಿದ್ದಳು.

"ಒಣಾ ಹಚ್ಚಿದ್ರ ಉಳಿಯೂದಿಲ್ರಿ. ಇದು ಹತ್ತಿ ಕುಂಡ್ರತೈತಿ."

"ಹಚ್ಚ, ಹಚ್ಚ. ಹಂಗ ಪೆಟ್ರೋಲೂ ಹಾಕ್ಸು ಅಂತ ಹೇಳ ನಿಮ್ಮ ಮಲ್ಲಯ್ಯಗ."

"ಥೂ, ನಿಮ್ಮ ಬಾಯಿಗಿ ಬೆಂಕಿ ಹಚ್ಚಲಿ!" ಅಂತ ನಗುತ್ತಿದ್ದಳು. ಆ ನಗು ನೋಡಲಿಕ್ಕೆಂದೇ ನಾನು ಪ್ರತಿ ಸಲ ಅದನ್ನೇ ಅನ್ನುತ್ತಿದ್ದೆ.

ಬಾನೆಟ್ಟಿನ ತಕರಾರು ಶುರುವಾದಾಗ ಅಥಣಿಯ ಒಂದು ಗ್ಯಾರೇಜಿಗೆ ಹೋದೆ. ಅವನು ಬಗ್ಗಿ ಸಹ ನೋಡಲಿಲ್ಲ. ನಾಲ್ಕು ಸಲ ದಬದಬ ಬಡಿದು, "ಈ ಮಾಡೆಲ್ಲಿನ ಸಾಮಾನ ಬರೂದ ಬಂದ್ ಆಗೇತ್ರಿ. ಮಾರಿಬಿಡ್ರಿ," ಅಂದ. ಮಾರಿ ಏನು, ಅವಳನ್ನು ಹೆಗಲ ಮೇಲೆ ಹೊತ್ತು ಮೀರಜಿಗೆ ಹೋಗಲೇನಪ್ಪ? ಸಿಟ್ಟಿನಿಂದ ವಾಪಸು ಬಂದೆ. ಪಕ್ಕದ ತೋಟದಲ್ಲಿ ದ್ರಾಕ್ಷಿ ಚಪ್ಪರಕ್ಕೆ ಬಿಗಿದು ಉಳಿದ ತಂತಿ ಬಿದ್ದಿತ್ತು. ನಮ್ಮ ಭಾಗದಲ್ಲಿ ಬಾವಿಯ ಕೊಡದಿಂದ ಹಿಡಿದು ಶಾಲೆಯ ಗೇಟಿನವರೆಗೆ ಮುರಿದದ್ದೆಲ್ಲ ನಿಂತಿರುವುದು ಆ ತಂತಿಯ ಮೇಲೆ. ನಾನೂ ಅದನ್ನೇ ಬಾನೆಟ್ಟಿಗೆ ಬಿಗಿದು, ಅವಳನ್ನು ಕೂಡಿಸಿಕೊಂಡು ಮೀರಜಿಗೆ ಹೊರಟೆ.

ಕಬ್ಬಿನ ಸೀಜನ್ನು. ಮಂಗಸೂಳಿ ದಾಟಿ ಕಾಗವಾಡದ ರಸ್ತೆಗೆ ಬಿದ್ದಿದ್ದೆವು. ಎದುರಿಗೊಂದು ಲಾರಿ ಭರ್ರನೆ ಹಾದುಹೋದದ್ದೇ ತಡ, ತಂತಿ ಕಿತ್ತಿತು, ಬಾನೆಟ್ಟು ಎದ್ದು ಎದುರಿನ ಗಾಜಿಗೆ ಧಡ್ ಅಂತ ಬಡಿಯಿತು. ನನ್ನ ಮುಂದೆ ರಸ್ತೆಯೇ ಇಲ್ಲ, ಬರೀ ತಗಡು. ಬ್ರೇಕ್ ಒತ್ತಿದೆ. ಹಿಂದೆ ಕಬ್ಬಿನ ಟ್ರ್ಯಾಕ್ಟರಿನವನ ಹಾರ್ನು. ಅವನು ನಿಲ್ಲಿಸಿ ಓಡಿಬಂದು, "ಅಹೋ, ಮರಾಯಚ ಆಹೇ ಕಾಯ?" ಸಾಯಬೇಕಂತ ಮಾಡೀರೇನು ಅಂತ ಮರಾಠಿಯಲ್ಲಿ ಕೂಗಿದವನು, ಒಳಗೆ ಕೂತವಳ ಮುಖ ನೋಡಿ ಕನ್ನಡಕ್ಕೆ ಇಳಿದ. "ಅಕ್ಕಾರಿಗಿ ಏನೂ ಆಗಿಲ್ಲಲ್ರಿ?" ತನ್ನ ಟ್ರೇಲರಿನ ಹಗ್ಗ ಬಿಚ್ಚಿ ಬಾನೆಟ್ಟು ಕಟ್ಟಿಕೊಟ್ಟ. ನಾನು ಹೋದ ಲಾರಿಗೆ ಇನ್ನೂ ಬೈಯುತ್ತಲೇ ಇದ್ದೆ. ಅವಳು ಮಾತ್ರ ತಣ್ಣಗೆ ಕೂತಿದ್ದಳು.

"ಹಣಿ ಮ್ಯಾಲ ಭಂಡಾರ ಇತ್ತ ನೋಡ್ರಿ. ಅದಕ್ಕ ಉಳದ್ವಿ," ಅಂದಳು.

ಮರುದಿನ ಗಿರಣಿ ಬಂದ್ ಮಾಡಿ ಪಾನಾ ಹಿಡಿದು ನಾನೇ ಕೂತೆ. ಎರಡು ಬೋಲ್ಟ್ ಬಿಚ್ಚಿದೆ, ಕೊಂಡಿ ಕೈಗೆ ಬಂತು. ತಿರುಗಿಸಿ ನೋಡಿದರೆ ಕೊಕ್ಕೆ ಮುರಿದಿರಲಿಲ್ಲ, ಸ್ಪ್ರಿಂಗೂ ನೆಟ್ಟಗಿತ್ತು. ಅವೆರಡರ ಸಂದಿಯಲ್ಲಿ ಗಟ್ಟಿಯಾದ ಹಳದಿ ಗಡ್ಡೆಯೊಂದು ಕೂತಿತ್ತು. ಬಾನೆಟ್ಟಿನ ಅಂಚಿನಿಂದ ಎಣ್ಣೆ ಭಂಡಾರ ಒಳಗಿಳಿದು, ಕಾರು ದಿನವೂ ನಿಲ್ಲುವ ಗಿರಣಿಯ ಹಿಟ್ಟಿನ ಧೂಳು ಅದಕ್ಕೆ ಸೇರಿ, ಇಂಜಿನ್ನಿನ ಕಾವಿಗೆ ಬೆಂದು ಹೋಳಿಗೆಯ ಕಣಕ ಒಣಗಿದ ಹಾಗೆ ಆಗಿತ್ತು. ಕೊಕ್ಕೆ ಆ ಗಡ್ಡೆಗೆ ತಾಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಮೊದಲನೆಯದು ತಪ್ಪಿದರೂ ಬಾನೆಟ್ಟು ಏಳದಂತೆ ಹಿಡಿಯುವ ಎರಡನೆಯ ಕೊಕ್ಕೆಯೂ ಅದರಲ್ಲೇ ಹೂತುಹೋಗಿತ್ತು.

ಸ್ಕ್ರೂಡ್ರೈವರಿನಿಂದ ಕೆರೆದೆ. ಗಿರಣಿಯ ಡಬ್ಬಿಯಲ್ಲಿದ್ದ ಡೀಸೆಲ್ ಹಾಕಿ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ತಿರುಗಿ ಕೂಡಿಸಿ ಬಾನೆಟ್ಟು ಬಿಟ್ಟೆ. ಟಕ್! ಎತ್ತಿ ನೋಡಿದೆ, ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬಿಡಿಗಾಸು ಖರ್ಚಿಲ್ಲದೆ ಗೆದ್ದುಬಿಟ್ಟೆ ಅಂತ ಒಬ್ಬನೇ ಜೋರಾಗಿ ನಕ್ಕೆ. ನಗು ಕೇಳಿ ಅವಳು ಬಾಗಿಲಿಗೆ ಬಂದಳು. ನನ್ನ ಕಾಲ ಹತ್ತಿರ ಬಿದ್ದ ಬಟ್ಟೆ ಹಳದಿ, ಬ್ರಷ್ಷು ಹಳದಿ, ನನ್ನ ಹತ್ತೂ ಬೆರಳು ಹಳದಿ. ಬಟ್ಟೆಯನ್ನು ಕಾಲಿನಿಂದ ಸರಿಸಿದೆ, ಅಷ್ಟರಲ್ಲಿ ನೋಡಿಬಿಟ್ಟಿದ್ದಳು.

"ಇದು ನನ್ನ ಭಂಡಾರ ಅಲ್ಲೇನ್ರಿ?"

"ಏ, ನಮ್ಮ ಗಿರಣಿ ಹಿಟ್ಟ ಅದು. ಅರ್ಧಾ ಹಿಟ್ಟ ಐತಿ ನೋಡ. ನಂದ ತಪ್ಪ."

"ನಾ ಕಾಯ್ಲಿ ಅಂತ ಹಚ್ಚಿದ್ದ ನಮ್ಮನ್ನ ಕೊಲ್ಲಾಕ ಹೊಂಟಿತ್ತಲ್ರಿ."

"ಎಣ್ಣಿ ಮಾಡಿದ್ದ ಅದು! ದೇವರೇನ ಮಾಡ್ಯಾನ? ಇನ್ನ ಒಣಾ ಹಚ್ಚ, ಮುಗೀತ," ಅಂತ ಕೂಗಿದೆ. ದೇವರ ಪರವಾಗಿ ನಾನು ಜಗಳಾಡಿದ್ದು ಜೀವನದಲ್ಲಿ ಅದೇ ಮೊದಲು. ಅವಳು ಒಳಗೆ ಹೋದಳು. ಎಣ್ಣೆಯ ಬಾಟಲಿ ಆವತ್ತೇ ಒಲೆಯ ಹತ್ತಿರದ ಗೂಡಿಗೆ ಹೋಯಿತು. ಆ ರಾತ್ರಿಯ ಪಲ್ಯಕ್ಕೆ ಅದೇ ಎಣ್ಣೆ ಹಾಕಿದಳು.

ಮುಂದಿನ ಸಲ ಹೊರಟಾಗ ಎಬ್ಬಿಸುವುದರಲ್ಲೇ ಸಾಕುಸಾಕಾಯಿತು. ಮಂಗಸೂಳಿಯ ಮಾತು ಎತ್ತಿದೆ, ಕೇಳಿಸದವಳಂತೆ ಮಲಗಿದ್ದಳು. ಕೊನೆಗೆ, "ನಾ ಒಬ್ಬನ ಇಲ್ಲಿ ಏನ ಮಾಡ್ಲಿ ಹೇಳ," ಅಂದುಬಿಟ್ಟೆ. ಅಷ್ಟು ಮೆತ್ತಗಿನ ದನಿ ನನ್ನ ಗಂಟಲಲ್ಲಿ ಇದೆ ಅಂತ ನನಗೇ ಗೊತ್ತಿರಲಿಲ್ಲ. ನನ್ನ ಮುಖ ನೋಡಿ ಎದ್ದಳು. ಗುಡಿಯ ಹತ್ತಿರ ಕಾರು ನಿಧಾನ ಮಾಡಿದೆ.

"ನಡೀರಿ," ಅಂದಳು.

"ಭಂಡಾರ?"

"ಸಾಕ್ರಿ. ನಡೀರಿ."

ನಾನು ನಿಲ್ಲಿಸಿದೆ. ಯಾವತ್ತೂ ಆ ಮೆಟ್ಟಿಲು ಹತ್ತದವನು ಹತ್ತಿಹೋಗಿ ಒಂದು ಹಿಡಿ ಭಂಡಾರ ತಂದೆ. ಅವಳ ಬಲಗೈ ಬಿಡಿಸಿ ಸುರಿದೆ, "ಹಚ್ಚ, ನೀನ ಹಚ್ಚ," ಅಂದೆ. ಅವಳು ಇಳಿಯಲಿಲ್ಲ. ಚೆಲ್ಲಲೂ ಇಲ್ಲ. ಮುಷ್ಟಿ ಮುಚ್ಚಿಕೊಂಡು ಕೂತಳು. ಪೆಟ್ರೋಲಿನ ಮಾತು ಆಡಿ ನೋಡಿದೆ. ನಗಲಿಲ್ಲ. ಬಾನೆಟ್ಟು ದಾರಿಯುದ್ದಕ್ಕೂ ಒಂದು ಸಲ ಸಹ ಅಲುಗಲಿಲ್ಲ.

ಮೀರಜಿನಲ್ಲಿ ನರ್ಸಮ್ಮ ಅವಳ ಕೈ ನೋಡಿ, ಸೂಜಿ ಹಾಕುವ ಮೊದಲು ಚೆನ್ನಾಗಿ ತೊಳೆದು ಬರಲು ಹೇಳಿದಳು. ಅವಳು ನಲ್ಲಿಯ ಕೆಳಗೆ ಮುಷ್ಟಿ ಬಿಚ್ಚಿದಳು. ಬೆವರಿಗೆ ಮುದ್ದೆಯಾಗಿದ್ದ ಭಂಡಾರ ಕರಗಿ ಇಳಿದುಹೋಯಿತು. ಗೆರೆಗಳಲ್ಲಿ ಉಳಿದದ್ದಕ್ಕೆ ಸಾಬೂನು ಹಚ್ಚಿ, ಒಂದಿಷ್ಟೂ ಬಿಡದೆ ತಿಕ್ಕಿದಳು. ಆಮೇಲೆ ಹೋಗಿ ಮಂಚದ ಮೇಲೆ ಮಲಗಿ ತೋಳು ಚಾಚಿದಳು.